ಭಂಡಾರದ ಆಣೆ ಮತ್ತು ಪವರ್ ಫ್ಯಾಕ್ಟರ್

೧೯೫೫ರಲ್ಲಿ ನಾನು ಜತ್ತದ ಒಂದು ಖಾಸಗಿ ಪವರ್ ಹೌಸಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ಆಯಿಲ್ ಎಂಜಿನ್ನಿಗೆ ಜೋಡಿಸಿದ ಒಂದೇ ಜನರೇಟರು. ಅದರಿಂದಲೇ ಪೇಟೆಯ ದೀಪಗಳು, ಒಂದು ಹಿಟ್ಟಿನ ಗಿರಣಿ. ತಂತಿ ಎಳೆಯುವುದು, ಮೀಟರ್ ನೋಡುವುದು ಮಾಡಗ್ಯಾಳದ ಕುರುಬರ ಬೀರಪ್ಪನ ಕೆಲಸ.

ಒಂದು ದಿನ ಮಾಲೀಕರಾದ ಸಾವಕಾರರು ತಾವೇ ಗುಣಾಕಾರ ಮಾಡಿದರು. ಗಿರಣಿಯ ಮೋಟಾರಿಗೆ ೨೩೦ ವೋಲ್ಟ್, ೨೦ ಆಂಪಿಯರ್. ಅಂದರೆ ೪,೬೦೦ ವ್ಯಾಟ್. ಮೀಟರು ಓಡುತ್ತಿದ್ದದ್ದು ೨,೭೬೦ರ ಲೆಕ್ಕದಲ್ಲಿ. ಬೀರಪ್ಪನೇ ಗಿರಣಿಯವರಿಂದ ದುಡ್ಡು ತಿಂದು ಮೀಟರ್ ಕೆಡಿಸಿದ್ದಾನೆ ಎಂದು ತೀರ್ಮಾನವಾಯಿತು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು, ಬಿಡುತ್ತೇನೆಯೇ? ಎಸಿ ಕರೆಂಟಿನಲ್ಲಿ ವೋಲ್ಟೇಜು ಏರಿಳಿಯುತ್ತಲೇ ಇರುತ್ತದೆ, ಮೋಟಾರಿನ ಕರೆಂಟು ಅದರ ಹಿಂದೆ ಬೀಳುತ್ತದೆ. ಹಾಗಾಗಿ ಒಂದು ಪಾಲು ಕೆಲಸ ಮಾಡದೆ ಸುಮ್ಮನೆ ಹೋಗಿ ಬರುತ್ತದೆ. ಬಂದ ಉತ್ತರವನ್ನು ಪವರ್ ಫ್ಯಾಕ್ಟರಿನಿಂದ, ಇಲ್ಲಿ ೦.೬ರಿಂದ, ಮತ್ತೆ ಗುಣಿಸಬೇಕು ಎಂದು ವಾದಿಸಿದೆ. ಸರಿಯಾಗಿ ೨,೭೬೦. ಸಾವಕಾರರು ಆಕಳಿಸಿದರು.

"ಅದೆಲ್ಲಾ ಇರ್ಲಿ. ಬೀರ್ಯಾ, ಭಂಡಾರ ಎತ್ತು."

ಬೀರಪ್ಪ ಗುಡಿಗೆ ಹೋಗಿ, ಭಂಡಾರವೆಂಬ ದೇವರ ಅರಿಶಿನಪುಡಿಯನ್ನು ಅಂಗೈಗೆ ತೆಗೆದುಕೊಂಡು, ತಾನು ಕದ್ದಿಲ್ಲವೆಂದು ಎಲ್ಲರೆದುರು ಆಣೆ ಮಾಡಿದ. ಕೆಲಸ ಉಳಿಯಿತು.

"ನಿಮ್ಮ ಗಣಿತ ಚಲೋ ಇತ್ರಿ ಸಾಹೇಬ್ರ," ಎಂದು ಹೊರಗೆ ಬಂದು ನಕ್ಕ. "ಭಾಳ ಉದ್ದ ಆತು."

ಆದರೆ ನನ್ನ ವಾದದ ಒಂದು ತುಣುಕು ಸಾವಕಾರರಿಗೆ ಹಿಡಿಸಿತ್ತು. ಗಿರಣಿ ತಿನ್ನುವುದು ಕಡಿಮೆಯಾದರೆ ಇನ್ನೊಂದು ಮೋಟಾರಿಗೆ ಜಾಗವಿದೆಯಲ್ಲ? ಎಣ್ಣೆಯ ಗಾಣಕ್ಕೂ ಲೈನ್ ಕೊಡಿಸಿದರು. ಜನರೇಟರಿನ ಮಿತಿ ನಲವತ್ತು ಆಂಪಿಯರ್. ಮುಳ್ಳು ನಲವತ್ತೆಂಟಕ್ಕೆ ಹೋಯಿತು. ಫ್ಯೂಜು ಹಾರಿದಾಗ ದಪ್ಪ ತಂತಿ ಕಟ್ಟಿಸಿದರು. ಕೆಲಸ ಮಾಡಲಿ ಬಿಡಲಿ, ಹರಿಯುವ ಕರೆಂಟೆಲ್ಲ ಜನರೇಟರಿನೊಳಗಿನ ತಂತಿಸುರುಳಿಯನ್ನು, ಅಂದರೆ ವೈಂಡಿಂಗನ್ನು, ಕಾಯಿಸಿಯೇ ಕಾಯಿಸುತ್ತದೆ ಎಂದೆ.

"ಅವತ್ತ ಕಡಿಮಿ ಅಂದ್ರಿ, ಇವತ್ತ ಹೆಚ್ಚ ಅಂತೀರಿ. ಡಿಬೇಟಿನ ಮಂದಿ ನೀವು, ಎರಡೂ ಕಡೆ ಮಾತಾಡ್ತೀರಿ."

ಕೆಲವೇ ವಾರಗಳಲ್ಲಿ ವೈಂಡಿಂಗ್ ಸುಟ್ಟು ಪೇಟೆ ಕತ್ತಲಾಯಿತು. ಕಾರಣವನ್ನು ಯಾರೂ ಆಂಪಿಯರಿನಲ್ಲಿ ಹುಡುಕಲಿಲ್ಲ. ಸುಳ್ಳು ಆಣೆಗೆ ದೇವರು ಮುನಿದ ಎಂದರು. ಸಾವಕಾರರು ಬೀರಪ್ಪನನ್ನು ಹೊರಹಾಕಿದರು. ಮಾಡಗ್ಯಾಳದಲ್ಲಿ ಅವನ ಸ್ವಂತ ಅಣ್ಣಂದಿರೇ ಅವನ ಕೈಯಿಂದ ಹಣೆಗೆ ಭಂಡಾರ ಹಚ್ಚಿಸಿಕೊಳ್ಳಲು ಒಪ್ಪಲಿಲ್ಲ. ನಾನು ಅಲ್ಲಿಗೂ ಹೋಗಿ ಲೆಕ್ಕ ಬಿಡಿಸಿ ಹೇಳಿದೆ. ಹಿರಿಯರು ಚಹಾ ಕುಡಿಸಿ ಕಳಿಸಿದರು.

ನೌಕರಿ ನನಗೆ ಕಲಿಸಿದ್ದು ಇಷ್ಟು: ಲೆಕ್ಕದಿಂದ ಬಿಡಿಸಬಹುದಾದ ಮನುಷ್ಯನನ್ನು ಆಣೆಯಿಂದ ಬಿಡಿಸಿದರೆ, ಮುಂದೆ ಸುಡುವ ಯಾವ ತಂತಿಯಾದರೂ ಅವನನ್ನು ಕಳ್ಳನನ್ನಾಗಿ ಮಾಡಬಲ್ಲದು.