ಮೊದಲ ಸಿಹಿನೀರು ಅವ್ವನದು

ನನಗೆ ಕುದಿಯುವ ನೀರಿಗಿಂತ ಕುದಿಯದ ನೀರಿನ ಭಯವೇ ಹೆಚ್ಚು. ಕುದಿಯುವ ನೀರು ಸದ್ದು ಮಾಡಿ ತನ್ನ ಸಮಾಚಾರ ತಾನೇ ಹೇಳುತ್ತದೆ. ಎಪ್ಪತ್ತೈದು ಡಿಗ್ರಿಯ ನೀರು ಸುಮ್ಮನಿರುತ್ತದೆ. ಅದು ನನಗೆ ತಿಳಿಯದಂತೆ ಎಂಬತ್ತು ದಾಟಿದರೆ ಧಾನ್ಯದ ಸಿಪ್ಪೆಯ ಒಗರೆಲ್ಲ ಇಳಿದು ಬಿಯರು ಕೆಡುತ್ತದೆ.

ಹೌದು, ಬಿಯರು. ಕನಕಪುರದಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು, ಬೆಳಗಿನ ಲಿಂಗಪೂಜೆ ತಪ್ಪಿಸದ ನಾನು ಮನೆಯಲ್ಲಿ ಬಿಯರು ಮಾಡುತ್ತೇನೆ. ಇದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಅವ್ವನ ಒಪ್ಪಿಗೆ ಕೇಳುವ ಧೈರ್ಯವಂತೂ ಇರಲಿಲ್ಲ. ಹೆಂಡತಿ ಶೋಭಾ ಮಾತ್ರ ಇಸ್ಪೀಟಿಗಿಂತ ವಾಸಿಯೆಂದು ಸುಮ್ಮನಿದ್ದಾಳೆ.

ಮೊದಲು ಐದೇ ಲೀಟರು ಮಾಡುತ್ತಿದ್ದೆ. ಮೊಳಕೆ ಬರಿಸಿ, ಒಣಗಿಸಿ, ತರಿತರಿಯಾಗಿ ಒಡೆದ ರಾಗಿ ಮತ್ತು ಬಾರ್ಲಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬಿಸಿನೀರಲ್ಲಿ ನೆನೆಸಿ ಹಿಂಡಿದರೆ ಸಿಹಿನೀರು ಸಿದ್ಧ. ಅದನ್ನು ಕುದಿಸಿ, ಆರಿಸಿ ಯೀಸ್ಟು ಹಾಕಿದರಾಯಿತು. ಗೆಳೆಯರು ರುಚಿ ಕಂಡಮೇಲೆ ನಲವತ್ತು ಲೀಟರಿಗೆ ಕೈಹಾಕಿದೆ. ಅಷ್ಟು ದೊಡ್ಡ ಗಂಟನ್ನು ಎತ್ತಲು ನನ್ನ ಸೊಂಟ ಒಪ್ಪಲಿಲ್ಲ. ಆಗ ತಳಕ್ಕೆ ಜಾಲರಿ, ಬುಡಕ್ಕೆ ನಲ್ಲಿ ಇರುವ ದೊಡ್ಡ ಪಾತ್ರೆ ಮಾಡಿಸಿದೆ. ಮೊದಲ ಸಿಹಿನೀರನ್ನು ಬಸಿದುಕೊಂಡು, ಧಾನ್ಯದ ಮೇಲೆ ಮತ್ತೆ ಬಿಸಿನೀರು ಹಾಕಿ ಉಳಿದ ಸಿಹಿಯನ್ನು ತೊಳೆದುಕೊಳ್ಳಬೇಕು. ಇದಕ್ಕೆ ಸ್ಪಾರ್ಜಿಂಗ್ ಎನ್ನುತ್ತಾರೆ. ನೀರನ್ನು ಒಂದೇ ಸಲ ಸುರಿದು ಕಲಕುವ ಧೈರ್ಯವಂತರಿದ್ದಾರೆ. ನಾನು ಅಂಜುಬುರುಕ, ಶಿವನಿಗೆ ಅಭಿಷೇಕ ಮಾಡುವಂತೆ ಸಣ್ಣಗೆ ಹನಿಸುವವನು.

ಒಂದು ಭಾನುವಾರ ಹನಿಸುವ ಹಂತಕ್ಕೆ ಮುಂಚೆಯೇ ಎಡವಟ್ಟಾಯಿತು. ರಾಗಿಯ ಹಿಟ್ಟು ಜಾಲರಿಗೆ ಅಂಟಿ ಮೊದಲ ನೀರೇ ನಿಂತುಹೋಯಿತು. ನೀರಿಗೆ ದಾರಿಯಾಗಲೆಂದು ಅಕ್ಕಿ ಗಿರಣಿಯಿಂದ ತಂದಿದ್ದ ಭತ್ತದ ಹೊಟ್ಟನ್ನು ಬೆರೆಸಿ, ನಲ್ಲಿಯ ಮುಂದೆ ಕೂತಿದ್ದೆ. ಅಂತೂ ನೀರು ಹರಿಯತೊಡಗಿತು. ಅಷ್ಟರಲ್ಲಿ ಬಾಗಿಲಲ್ಲಿ ಅವ್ವ. ಕುದೂರಿನಿಂದ ಮಾಗಡಿ, ರಾಮನಗರ ಅಂತ ಬಸ್ಸು ಬದಲಿಸುತ್ತ, ಹೇಳದೆ ಕೇಳದೆ ಬಂದಿದ್ದಳು.

"ನಾ ಕಳ್ಸಿದ್ ಎರಡು ಮೂಟೆ ರಾಗೀನ ಇಬ್ರೇ ಹೆಂಗ್ಲಾ ಉಂಡ್ರಿ? ಅದುನ್ನ ನೋಡಾನ ಅಂತ ಬಂದೆ. ಇದೇನಿದು?"

"ರಾಗಿ ಮಾಲ್ಟು ಕಣವ್ವ."

ಸುಳ್ಳಲ್ಲ. ಯೀಸ್ಟು ಬೀಳುವವರೆಗೆ ಅದು ಎಳೆಮಕ್ಕಳಿಗೂ ಕೊಡಬಹುದಾದ ಪಾನೀಯವೇ. ಅವ್ವ ಒಂದು ಲೋಟ ಹಿಡಿದು, ಆರಿಸಿ, ಪೂರ್ತಿ ಕುಡಿದಳು.

"ಬೆಲ್ಲ ಹಾಕಿದ್ದೀಯಾ?"

"ಇಲ್ಲ."

"ಚೆಂದಾಗೈತೆ. ಶೋಭಾ, ಒಸಿ ಏಲಕ್ಕಿ ಕುಟ್ಟವ್ವ."

ಮಣೆ ಹಾಕಿಕೊಂಡು ನಲ್ಲಿಯ ಪಕ್ಕ ಕೂತೇಬಿಟ್ಟಳು. ಪಕ್ಕದ ಮನೆಗೊಂದು ಪಾತ್ರೆ, ಎದುರು ಮನೆಗೊಂದು ಪಾತ್ರೆ. ಸಿಹಿಯೆಲ್ಲ ಇರುವುದು ಮೊದಲ ನೀರಿನಲ್ಲೇ. ಪಾತ್ರೆ ತುಂಬಿದಷ್ಟೂ ನಾನು ಮನಸ್ಸಿನಲ್ಲೇ ಹೋದ ಲೀಟರು ಎಣಿಸುತ್ತಿದ್ದೆ. ಶೋಭಾ ನನ್ನ ಮುಖ ನೋಡದೆ ಏಲಕ್ಕಿ ಕುಟ್ಟುತ್ತಿದ್ದಳು. ಆಮೇಲೆ ಅವ್ವ ಒಂದು ಬೆಳ್ಳಿ ಬಟ್ಟಲು ತರಿಸಿದಳು.

"ಪೂಜೆ ಆದ್ಮೇಲೆ ಎಡೆಗೂ ಇಡಾನ."

ಅದನ್ನು ಮಾತ್ರ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ನೀರು ಶುದ್ಧವಾಗಿತ್ತು, ನನ್ನ ಉದ್ದೇಶ ಶುದ್ಧವಾಗಿರಲಿಲ್ಲ.

"ಅವ್ವ, ಅದು ಬಿಯರಿಗೆ ಅಂತ ಮಾಡಿದ್ದು."

ಏಲಕ್ಕಿ ಕುಟ್ಟುವ ಸದ್ದು ನಿಂತಿತು. ಅವ್ವ ಬಟ್ಟಲನ್ನೂ ನನ್ನನ್ನೂ ನೋಡಿದಳು. ಬಯ್ಯುತ್ತಾಳೆ, ಇಲ್ಲವೇ ಮುಂದಿನ ಬಸ್ಸಿಗೇ ಹೊರಡುತ್ತಾಳೆ ಎಂದುಕೊಂಡೆ.

"ಈಗ ಇದ್ರಾಗೆ ಅಮಲು ಐತಾ?"

"ಇಲ್ಲ. ಯೀಸ್ಟು ಹಾಕುದ್ಮೇಲೆ ಬತ್ತದೆ."

"ಅಂಗಾರೆ ಇದು ನಂದು. ಎಡೆಗೂ ಇದ್ನೇ ಇಡ್ತೀನಿ. ಇನ್ಮೇಲೆ ನೀರು ಹುಯ್ದು ತಕ್ಕೊಳ್ಳೋದು ನಿಂದು. ಏನಾರ ಮಾಡ್ಕೊ, ನಾನು ನೋಡಾಕಿಲ್ಲ."

ಹಾಗೆಂದವಳು ಮೊದಲ ಸಿಹಿನೀರು ಮುಗಿಯುವವರೆಗೂ ಏಳಲಿಲ್ಲ. ಉಳಿದ ಧಾನ್ಯದ ಮೇಲೆ ನಾನು ಬಿಸಿನೀರು ಹನಿಸಿ, ತೊಳೆದು, ಬಸಿದುಕೊಂಡೆ. ಕುದಿಸಿ, ಆರಿಸಿ, ಸಂಜೆ ಅವಳಿದ್ದ ಕಡೆಯೇ ಯೀಸ್ಟು ಹಾಕಿದೆ. ಅವಳು ಮಾತಿನಂತೆ ಗೋಡೆಯ ಕಡೆ ತಿರುಗಿ ಕೂತಿದ್ದಳು. ಬಿಯರು ಮಾಡಿದ ದಿನ ನಾನು ನೆಮ್ಮದಿಯಾಗಿ ಮಲಗಿದ್ದು ಅದೇ ಮೊದಲು.

ಬಿಯರೇನೋ ಆಯಿತು, ತೆಳುವಾದ ಮಜ್ಜಿಗೆಯಷ್ಟು ಸಾಧುವಾಗಿ. ಗೆಳೆಯರು ಎಷ್ಟು ಕುಡಿದರೂ ಒಬ್ಬನ ನಾಲಿಗೆಯೂ ತೊದಲಲಿಲ್ಲ. ಒಬ್ಬ ಲೋಟವನ್ನು ಬೆಳಕಿಗೆ ಹಿಡಿದು, "ಯಾಕ್ಲಾ ಇಷ್ಟು ತೆಳ್ಳಗೈತೆ?" ಎಂದ.

"ಮನೇಲಿ ದೊಡ್ಡೋರ್ಗೆ ಮೊದ್ಲು ಬಡ್ಸುದ್ವಿ ಕಣ್ಲಾ" ಎಂದೆ.