ಒಂದು ಗುಟುಕು ನೀರು

ಅವರ ಎಡಗೈಯ ಹೆಬ್ಬೆರಳು ಅಗಲ, ತುದಿ ಚಪ್ಪಟೆ. ಆ ಬೆರಳಲ್ಲಿ ಕೋಳಿಯ ಕೊಕ್ಕನ್ನು ಮೆಲ್ಲನೆ ಬಿಡಿಸಿ, ಒಂದು ಗುಟುಕು ನೀರು ಬಿಟ್ಟ ಮೇಲೆಯೇ ಆಚೆಮನೆಯ ದೊಡ್ಡಮ್ಮ ಕತ್ತಿ ಹಿಡಿಯುತ್ತಿದ್ದುದು. ಮೊನ್ನೆ ಆಸ್ಪತ್ರೆಯಿಂದ ಅವರ ಸೊಸೆಯ ಫೋನ್ ಬಂದಾಗ ನಾನು ತೆಂಗಿನಕಾಯಿ ತುರಿಯುತ್ತಿದ್ದೆ. "ಅತ್ತೆ ಹೋದ್ರು ಅಕ್ಕ" ಎಂದಳು. ನನ್ನ ಕಣ್ಣೆದುರು ಬಂದದ್ದು ಆ ಹೆಬ್ಬೆರಳು.

ಕೋಳಿ ಕೊಯ್ಯಲು ನನ್ನಿಂದ ಆಗುವುದಿಲ್ಲ. ದೇವರ ಭಯ, ರಕ್ತ ಕಂಡರೆ ತಲೆ ತಿರುಗುತ್ತದೆ. ನೆಂಟರು ಬಂದರೆ ಬೇಲಿಯ ಬಳಿ ನಿಂತು ಅವರನ್ನೇ ಕರೆಯುತ್ತಿದ್ದೆ. "ತಿನ್ನುದು ನೀವು, ಪಾಪ ನನಗಾ ಮಾರಾಯ್ತಿ?" ಎಂದು ನಗುತ್ತಲೇ ಬರುತ್ತಿದ್ದರು. ಅವರು ಕೊಯ್ದು ಮುಗಿಸುವ ತನಕ ನಾನು ಒಳಗೆ ಬಾಗಿಲು ಹಾಕಿಕೊಂಡಿರುತ್ತಿದ್ದೆ.

ಕಳೆದ ವರ್ಷ ಭಜನೆ ಮಂಡಳಿಯ ಹೆಂಗಸರೆಲ್ಲ ಕುಂಬ್ರದಿಂದ ಜೀಪು ಮಾಡಿಕೊಂಡು ಪುತ್ತೂರಿಗೆ ಸಿನಿಮಾಕ್ಕೆ ಹೋದೆವು. ಪೋಸ್ಟರಿನಲ್ಲಿ ನಾಯಕನ ಹಣೆಗೆ ಕುಂಕುಮ, ಕೈಯಲ್ಲಿ ತ್ರಿಶೂಲ. ಭಕ್ತಿಯ ಸಿನಿಮಾ ಎಂದುಕೊಂಡಿದ್ದೆವು. ದೊಡ್ಡಮ್ಮನನ್ನು ಒತ್ತಾಯ ಮಾಡಿ ಹೊರಡಿಸಿದವಳು ನಾನೇ.

ತ್ರಿಶೂಲ ಯಾವುದಕ್ಕೆಂದು ಬೇಗನೆ ತಿಳಿಯಿತು. ಒಬ್ಬೊಬ್ಬನನ್ನು ಚುಚ್ಚುವಾಗಲೂ ಮುಂದಿನ ಸಾಲುಗಳಲ್ಲಿ ಶಿಳ್ಳೆ. ಕಾಗದದ ಚೂರುಗಳನ್ನು ಎಸೆದರು. ಮೊದಲು ಕಣ್ಣು ಮುಚ್ಚಿಕೊಂಡಿದ್ದ ನಮ್ಮ ಸಾಲಿನವರೂ ಮೆಲ್ಲನೆ ಚಪ್ಪಾಳೆ ಹೊಡೆಯತೊಡಗಿದರು. ಖಳನಾಯಕ ಸಿಕ್ಕಿಬಿದ್ದಾಗ ನಾನೂ ಹೊಡೆದೆ. "ಹಾಕು ಅವನಿಗೆ" ಎಂದೂ ಅಂದೆ. ಚಪ್ಪಾಳೆ ಹೊಡೆದದ್ದು ಭಜನೆಗೆ ತಾಳ ಹಾಕುವ ಕೈಯಲ್ಲೇ.

ದೊಡ್ಡಮ್ಮ ಎದ್ದು, ಹೊರಗೆ ಹೋಗೋಣ ಎಂಬಂತೆ ನನ್ನ ಭುಜ ಮುಟ್ಟಿದರು. ಪರದೆಗೆ ಅಡ್ಡವಾಯಿತೆಂದು ನಾನು ಅವರ ಕೈ ಸರಿಸಿದೆ.

ಸಿನಿಮಾ ಬಿಟ್ಟಾಗ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಕೋಳಿ ಕೊಯ್ಯುವವರಿಗೆ ಇಷ್ಟು ಹೆದರಿಕೆಯೇ ಎಂದು ಎಲ್ಲರೂ ತಮಾಷೆ ಮಾಡಿದರು. ಅವರು ನನ್ನನ್ನೇ ನೋಡಿದರು.

"ಅಷ್ಟು ಜನರಲ್ಲಿ ಒಬ್ಬನಿಗೂ ಒಂದು ಗುಟುಕು ನೀರು ಕೊಡ್ಲಿಲ್ಲ."

"ಎಲ್ಲ ಸುಳ್ಳು ದೊಡ್ಡಮ್ಮ, ಬರೀ ಬಣ್ಣ."

"ಗೊತ್ತುಂಟು. ನೀನು ಚಪ್ಪಾಳೆ ಹೊಡೆದದ್ದು ಸುಳ್ಳಲ್ಲ ಅಲ್ವಾ?"

ಜೀಪಿನಲ್ಲಿ ನನ್ನ ಪಕ್ಕವೇ ಕೂತು ಕಿತ್ತಳೆ ಸುಲಿದು ಅರ್ಧ ಕೊಟ್ಟರು. ಆಮೇಲೆಯೂ ಕರೆದಾಗ ಬಂದರು. ಅದು ದೇವರ ದಯೆ. ಆದರೆ ಕೈ ಸರಿಸಿದ್ದಕ್ಕೆ ನಾನು ಒಂದು ಮಾತೂ ಆಡಲಿಲ್ಲ. ಬೇಲಿಯಾಚೆ ದಿನಾ ಕಾಣುತ್ತಿದ್ದರಲ್ಲ, ನಾಳೆ ಹೇಳಿದರಾಯಿತು ಎಂದುಕೊಂಡೆ.

ಮೊನ್ನೆ ಫೋನಿನಲ್ಲಿ ಸೊಸೆಯನ್ನು ನಾನು ಕೇಳಿದ್ದು ಒಂದೇ. "ಬಾಯಿಗೆ ನೀರು ಬಿಟ್ಟಿದ್ಯಾ?"

"ಬಿಟ್ಟೆ ಅಕ್ಕ. ಎರಡು ಚಮಚ ಕುಡಿದ್ರು."

ಅಷ್ಟಾದರೂ ಆಯಿತಲ್ಲ ಎಂದು ಕೈ ಮುಗಿದೆ. ಅವರ ಮನೆಯವರೆಲ್ಲ ಆಸ್ಪತ್ರೆಯಲ್ಲಿದ್ದರು. ತುರಿದ ಕಾಯಿಯನ್ನು ಮುಚ್ಚಿಟ್ಟು ಬೇಲಿ ದಾಟಿ ಹೋದೆ. ಗೂಡಿನಲ್ಲಿ ಅವರ ಕೋಳಿಗಳ ನೀರಿನ ಚಟ್ಟಿ ಒಣಗಿತ್ತು. ತೊಳೆದು ನೀರು ತುಂಬಿಸಿದೆ.