ಚರ್ಚಿನ ಪುಸ್ತಕದಲ್ಲಿ ಯೆಹೂದಿಗಳನ್ನು ಓದುವ ಗೆನೊವೆಫಾ

ಬೆಳಗಿನ ಐದೂಮುಕ್ಕಾಲು. ಸ್ತಾರಾ ಗ್ರಾಬಿನಾ ಎಂಬ ಹಳ್ಳಿಯ ಚರ್ಚಿನ ಪಕ್ಕದ ಬಾಗಿಲಿಗೆ ಗೆನೊವೆಫಾ ಸ್ಕೀಬಾ ಹೆಗಲು ಕೊಟ್ಟು ಒತ್ತುತ್ತಾರೆ. ಮಂಜು ಬಿದ್ದ ದಿನ ಮರ ಉಬ್ಬಿಕೊಂಡು ಬಾಗಿಲು ಹಟ ಹಿಡಿಯುತ್ತದೆ. ಒಳಗೆ ಮೊಣಕಾಲೂರಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಮೇಣದಬತ್ತಿಯ ಕಂಬಗಳಿಂದ ಗಟ್ಟಿಯಾದ ಮೇಣವನ್ನು ಹಳೆಯ ಚಾಕುವಿನಲ್ಲಿ ಕೆರೆದು ತೆಗೆದು, ಹೂದಾನಿಯ ನೀರು ಬದಲಿಸಿ, ಆರಕ್ಕೆ ಸರಿಯಾಗಿ ಗಂಟೆಯ ಹಗ್ಗಕ್ಕೆ ಕೈಹಾಕುತ್ತಾರೆ. ಪೂಜೆ ಮುಗಿದು ನಾಲ್ಕಾರು ಮುದುಕಿಯರು ಮನೆಗೆ ಹೋದ ಮೇಲೆ ಪಾದ್ರಿಗಳ ಕಚೇರಿಯ ಒಲೆ ಹಚ್ಚಿ, ಕೈಯನ್ನು ಎರಡು ಸಲ ತೊಳೆದು, ಚೆನ್ನಾಗಿ ಒರೆಸಿ, ಕಬ್ಬಿಣದ ಬೀರುವಿನಿಂದ ಚರ್ಮದ ಹೊದಿಕೆಯ ಪುಸ್ತಕವೊಂದನ್ನು ಎತ್ತಿ ಮೇಜಿನ ಮೇಲಿಡುತ್ತಾರೆ. ಮೇಜಿನ ಮೇಲೆ ಪೆನ್ಸಿಲಿಗೆ ಮಾತ್ರ ಜಾಗ. ಶಾಯಿ ಬಾಗಿಲಾಚೆಯೇ ಇರಬೇಕು, ಚಹಾ ಕೂಡ.

ಗೆನೊವೆಫಾ ಅವರಿಗೆ ಈಗ ಅರವತ್ತೇಳು. ಹತ್ತೊಂಬತ್ತು ವರ್ಷಗಳಿಂದ ಈ ಚರ್ಚಿನ ಕಸ, ಕೀಲಿ, ಗಂಟೆ ಎಲ್ಲ ಅವರದೇ. ಅದಕ್ಕೂ ಮುಂಚೆ ಊರ ಡೇರಿಯಲ್ಲಿ ಹಾಲಿನ ಲೆಕ್ಕ ಬರೆದುಕೊಳ್ಳುವ ಕೆಲಸ. “ರೈತರು ಬರೆದಿದ್ದನ್ನೇ ಓದಿದೋಳಿಗೆ ಪಾದ್ರಿಗಳು ಬರೆದಿದ್ದು ಯಾವ ಲೆಕ್ಕ?” ಎಂದು ನಗುತ್ತಾರೆ. ಗಂಡ ಸ್ತೆಫಾನ್ ತೀರಿಕೊಂಡು ಒಂಬತ್ತು ವರ್ಷ. ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ, ಇನ್ನೊಂದು ಕಾಯುತ್ತಿದೆ. ದಿನಕ್ಕೆ ಎಂಟು ಪುಟ ದಾಟಿದರೆ ಅಕ್ಷರಗಳು ಇರುವೆಗಳ ಹಾಗೆ ಹರಿದಾಡತೊಡಗುತ್ತವೆ.

ಇನ್ನೂರು ವರ್ಷಗಳ ಹಿಂದೆ ಊರಿನಲ್ಲಿ ಯಾರು ಹುಟ್ಟಿದರೂ, ಮದುವೆಯಾದರೂ, ಸತ್ತರೂ ಅದನ್ನು ಬರೆದಿಡುವುದು ಪಾದ್ರಿಗಳ ಕೆಲಸವಾಗಿತ್ತು. ಯಾವ ಧರ್ಮದವರಾದರೂ ಸರಿ, ಅದೇ ಪುಸ್ತಕ. ಯೆಹೂದಿ ಅಪ್ಪ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಇದೇ ಕಚೇರಿಗೆ ಬರುತ್ತಿದ್ದ. ಪಾದ್ರಿ ಬರೆದು ಓದಿ ಹೇಳುತ್ತಿದ್ದರು. ಸಾಕ್ಷಿಗಳು ಕೆಳಗೆ ತಮ್ಮ ಲಿಪಿಯಲ್ಲಿ ಬಲದಿಂದ ಎಡಕ್ಕೆ ರುಜು ಹಾಕುತ್ತಿದ್ದರು. ಹಾಗೆ ಹದಿನಾರು ವರ್ಷ, ಹದಿನಾರು ಪುಸ್ತಕ. ಊರಿನಲ್ಲಿ ಈಗ ಒಂದು ಯೆಹೂದಿ ಮನೆಯೂ ಇಲ್ಲ. ಅವರ ಪ್ರಾರ್ಥನಾಮಂದಿರವನ್ನೂ ಅವರದೇ ಕಾಗದಪತ್ರಗಳನ್ನೂ ಎರಡನೆಯ ಮಹಾಯುದ್ಧ ನುಂಗಿತು. ಉಳಿದದ್ದು ಚರ್ಚಿನ ಬೀರುವಿನಲ್ಲಿದ್ದದ್ದು ಮಾತ್ರ.

ಹನ್ನೊಂದು ವರ್ಷಗಳಿಂದ ಗೆನೊವೆಫಾ ಈ ಪುಸ್ತಕಗಳಿಂದ ಯೆಹೂದಿ ಹೆಸರುಗಳನ್ನು ಹೆಕ್ಕಿ ಶಾಲಾ ನೋಟುಪುಸ್ತಕಕ್ಕೆ ಇಳಿಸುತ್ತಿದ್ದಾರೆ. ಹದಿಮೂರು ಪುಸ್ತಕ ಮುಗಿದಿವೆ. ಅದಕ್ಕೆ ಸಂಬಳವಿಲ್ಲ, ಮಾಡು ಎಂದವರೂ ಇಲ್ಲ. “ಕೀಲಿ ನನ್ನ ಹತ್ರಾನೂ ಒಂದಿದೆ. ಆದ್ರೆ ಬೀರುವಿನೊಳಗೆ ಯಾರ್ಯಾರಿದ್ದಾರೆ ಅಂತ ಗೊತ್ತಿರೋದು ಪಾನಿ ಗೆನ್ಯಾಗೆ ಮಾತ್ರ” ಎನ್ನುತ್ತಾರೆ ಈಗಿನ ಪಾದ್ರಿ ಫಾದರ್ ಲೇಶೆಕ್. ಪಾನಿ ಎಂದರೆ ಅಮ್ಮನವರು; ಊರಿನವರ ಬಾಯಲ್ಲಿ ಗೆನೊವೆಫಾ ಗೆನ್ಯಾ ಆಗಿದ್ದಾರೆ.

ಹೋದ ವರ್ಷದವರೆಗೆ ಇದು ಯಾರಿಗೂ ತೊಂದರೆಯಿಲ್ಲದ ಹವ್ಯಾಸವಾಗಿತ್ತು. ಆಮೇಲೆ ಕೆರೆಯ ಹಿಂದಿನ ಹುಲ್ಲುಗಾವಲಿನಲ್ಲಿ ಊರಿನ ಅಗ್ನಿಶಾಮಕ ದಳಕ್ಕೆ ಹೊಸ ಕಟ್ಟಡ ಎಂದು ಪಂಚಾಯಿತಿ ತೀರ್ಮಾನಿಸಿತು. ದಳದವರೆಲ್ಲ ಊರ ಹುಡುಗರೇ, ಕೂಲಿಯಿಲ್ಲದೆ ಬೆಂಕಿಗೆ ಓಡುವವರು. ಅವರ ಗಾಡಿ ಸೋರುವ ಕೊಟ್ಟಿಗೆಯಲ್ಲಿ ನಿಲ್ಲುತ್ತಿತ್ತು. ಬೇಡ ಎನ್ನುವ ಬಾಯಿ ಊರಿನಲ್ಲಿ ಒಂದೂ ಇರಲಿಲ್ಲ, ಗೆನೊವೆಫಾ ಅವರದೊಂದನ್ನು ಬಿಟ್ಟರೆ. ಅವರ ತಾಯಿ ಆ ಹುಲ್ಲಿಗೆ ಮೇಕೆ ಬಿಡುತ್ತಿರಲಿಲ್ಲ. ಅಲ್ಲಿ ಯೆಹೂದಿಗಳು ಮಲಗಿದ್ದಾರೆ ಎನ್ನುತ್ತಿದ್ದರು. ಕಲ್ಲುಗಳನ್ನು ಯುದ್ಧದಲ್ಲಿ ಯಾರೋ ಕಿತ್ತೊಯ್ದಿದ್ದರು. ಪಂಚಾಯಿತಿ ಅಧ್ಯಕ್ಷರು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟರು: “ಅಮ್ಮ ಹೇಳಿದ್ರು ಅಂದ್ರೆ ಆಗಲ್ಲ, ಪಾನಿ. ಕಾಗದ ತನ್ನಿ. ಮೇ ತಿಂಗಳಲ್ಲಿ ಅಗೆತ ಶುರು.”

ಅಲ್ಲಿಂದ ಗೆನೊವೆಫಾ ಹುಡುಕಿದ್ದು ಒಂದೇ ಒಂದು ಸಾಲು. ಸಾವಿನ ಪುಟಗಳಲ್ಲಿ ಯಾರು ಸತ್ತರು, ಯಾವ ಮನೆಯಲ್ಲಿ ಎಂದಿತ್ತು. ಎಲ್ಲಿ ಹೂಳಿದರು ಎಂದಿರಲಿಲ್ಲ. ಮುಗಿಸಿದ ಪುಸ್ತಕಗಳನ್ನು ಮತ್ತೆ ಮೊದಲಿಂದ ತಿರುವಿದರು. “ಅಗೆದು ಮೂಳೆ ಮೇಲೆ ಬಂದ್ಮೇಲೆ ಕಾಗದ ಸಿಕ್ಕಿ ಏನ್ ಬಂತು?” ಎನ್ನುತ್ತಿದ್ದರು.

ದಳದ ಮುಖ್ಯಸ್ಥ ರೋಮಾನ್ ಪಿರ್ಕಾ ಗೆನೊವೆಫಾ ಅವರನ್ನು ಅಂಗಡಿಯ ಮುಂದೆ ಕಂಡಾಗಲೆಲ್ಲ ಕೆಣಕುತ್ತಿದ್ದ. “ಏನ್ ಪಾನಿ ಗೆನ್ಯಾ, ನಾಳೆ ನಿಮ್ಮನೆಗೆ ಬೆಂಕಿ ಬಿದ್ರೆ ಪುಸ್ತಕದಲ್ಲಿ ಬೀಸಿ ಆರಿಸ್ಕೊಳ್ತೀರಾ?”

“ಬೀಸಿದ್ರೆ ಬೆಂಕಿ ಹೆಚ್ಚಾಗತ್ತೆ ರೋಮಾನ್. ಅಷ್ಟೂ ಗೊತ್ತಿಲ್ದೋನ್ನ ಮುಖ್ಯಸ್ಥ ಮಾಡಿದ್ದಾದ್ರೂ ಯಾರು?”

ಅದೇ ರೋಮಾನ್ ಮಾರ್ಚ್ ತಿಂಗಳಲ್ಲಿ ಟೋಪಿ ಕೈಯಲ್ಲಿ ಹಿಡಿದು ಕಚೇರಿಯ ಬಾಗಿಲಿಗೆ ಬಂದ. ಅವನ ತಾಯಿಗೆ ಎಂಬತ್ತು ತುಂಬುತ್ತಿತ್ತು, ಹಬ್ಬದೂಟದ ದಿನ ಗೋಡೆಗೆ ವಂಶವೃಕ್ಷ ತೂಗುಹಾಕುವ ಆಸೆ. “ನಮ್ಮ ಹಿರೀಕರನ್ನೂ ಸ್ವಲ್ಪ ಹುಡುಕ್ಕೊಡಿ. ಇಲ್ಲ, ಈ ಸೇವೆ ಯೆಹೂದಿಗಳಿಗೆ ಮಾತ್ರಾನಾ?”

ಗೆನೊವೆಫಾ ಬೈಯುತ್ತಲೇ ಒಪ್ಪಿಕೊಂಡರು. ಅವರ ಓದಿನ ಕ್ರಮವೊಂದಿತ್ತು: ಕಣ್ಣಿಗೆ ದಣಿವಾಗದಿರಲೆಂದು, ಕ್ಯಾಥೊಲಿಕ್ ಹೆಸರು ಬಂದ ಕೂಡಲೇ ಆ ಬರಹವನ್ನು ರಟ್ಟಿನ ಪಟ್ಟಿಯಿಂದ ಮುಚ್ಚಿ ಮುಂದಕ್ಕೆ ಹೋಗುವುದು. ಹನ್ನೊಂದು ವರ್ಷ ಹಾಗೇ ನಡೆದಿತ್ತು. ಪಿರ್ಕಾ ಮನೆತನಕ್ಕಾಗಿ ಮೊದಲ ಸಲ ರಟ್ಟನ್ನು ಸರಿಸಿದರು. ಆರನೆಯ ಬೆಳಗ್ಗೆ, ಸಾವಿರದ ಎಂಟುನೂರ ಹದಿನೇಳರ ಪುಸ್ತಕದಲ್ಲಿ, ಆ ಸಾಲು ಇತ್ತು: ಕೆರೆಯ ಹಿಂದೆ, ಯೆಹೂದಿ ಸ್ಮಶಾನಕ್ಕೆ ಹೊಂದಿಕೊಂಡ ಮೂವತ್ತೊಂದನೆಯ ಮನೆಯಲ್ಲಿ, ಆ ಸ್ಮಶಾನದ ಕಾವಲುಗಾರ ಕಾಸ್ಪರ್ ಪಿರ್ಕಾನ ಹೆಂಡತಿ ಅಗ್ನೆಷ್ಕಾ ತೀರಿಕೊಂಡಳು.

“ಯೆಹೂದಿಗಳನ್ನ ಯೆಹೂದಿಗಳ ಮಧ್ಯಾನೇ ಹುಡುಕ್ತಾ ಕೂತಿದ್ದೆ” ಎನ್ನುತ್ತಾರೆ ಗೆನೊವೆಫಾ. “ನಮ್ಮೋರ ಬರಹಾನ ನಾನೇ ಮುಚ್ಚಿಟ್ಟಿದ್ದೆ. ಎಂಥ ದಡ್ಡಿ ನೋಡಿ!” ಅಂದು ಮಧ್ಯಾಹ್ನದ ಗಂಟೆ ಹನ್ನೆರಡು ನಿಮಿಷ ತಡವಾಯಿತು. ಹತ್ತೊಂಬತ್ತು ವರ್ಷಗಳಲ್ಲಿ ಅದೊಂದೇ ಸಲ.

ರೋಮಾನ್ ಆ ಸಾಲನ್ನು ಮೂರು ಸಲ ಓದಿಸಿಕೊಂಡ. “ಈ ಪಿರ್ಕಾ ಅಂದ್ರೆ ನಾವೇನಾ?”

“ಈ ಊರಲ್ಲಿ ಬೇರೆ ಪಿರ್ಕಾ ಯಾರಪ್ಪ ಇದ್ದಾರೆ?”

ಅವನು ಟೋಪಿಯ ಅಂಚನ್ನು ತಿರುಗಿಸಿದ. “ನಮ್ಮ ಹಿರೀಕ ಕಾಯ್ತಿದ್ದ ಜಾಗದ ಮೇಲೆ ನಾನು ಗಾಡಿ ನಿಲ್ಸೋಕೆ ಹೊರಟಿದ್ದೆ ಅನ್ನಿ.” ಮರುದಿನ ನಕಲು ಹಿಡಿದು ಪಂಚಾಯಿತಿಗೆ ಹೋದವನು ಅವನೇ. ಅಧ್ಯಕ್ಷರು ಕೇಳಿದ್ದ ಕಾಗದ ಅವರ ಮೇಜಿನ ಮೇಲೆ ಬಿತ್ತು.

ಏಪ್ರಿಲ್ ಕೊನೆಗೆ ಯೆಹೂದಿ ಸ್ಮಶಾನಗಳನ್ನು ನೋಡಿಕೊಳ್ಳುವ ಜನ ನಗರದಿಂದ ಬಂದರು. ಸತ್ತವರನ್ನು ಕದಲಿಸಬಾರದು ಎಂಬುದು ಯೆಹೂದಿ ಧರ್ಮದ ಕಟ್ಟಳೆ. ಆದ್ದರಿಂದ ಗುದ್ದಲಿ ತರಲಿಲ್ಲ. ನೆಲ ಅಗೆಯದೆ ಒಳಗನ್ನು ನೋಡುವ, ಚಕ್ರವಿರುವ ಯಂತ್ರವೊಂದನ್ನು ಹುಲ್ಲಿನ ಮೇಲೆ ನಿಧಾನವಾಗಿ ತಳ್ಳಿದರು. ಸಾಲಿಗೆ ಸಾಲು ಗೋರಿಗಳು ತೋರಿದವು. ಅಗ್ನಿಶಾಮಕ ದಳದ ಕಟ್ಟಡಕ್ಕೆ ಈಗ ಶಾಲೆಯ ಕಡೆಯ ಜಾಗದಲ್ಲಿ ಗೂಟ ಹೊಡೆದಿದ್ದಾರೆ. ಗಾಡಿಗೆ ರಸ್ತೆ ಅಲ್ಲಿಂದಲೇ ಹತ್ತಿರ ಎಂದು ರೋಮಾನ್ ಈಗ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ, ತಾನೇ ಕಂಡುಹಿಡಿದ ಹಾಗೆ.

ನಗರದವರ ಜೊತೆ ಬಂದಿದ್ದ ಹೆನ್ರಿಕ್ ಗುತ್ಮನ್ ಎಂಬ ಎಪ್ಪತ್ನಾಲ್ಕರ ಯೆಹೂದಿ ಹಿರಿಯರು ಒಂದು ದಿನ ಹೆಚ್ಚಿಗೆ ಉಳಿದರು. ಅವರ ಮುತ್ತಜ್ಜಿಯ ಮನೆತನ ಈ ಊರಿನದು. ಗೆನೊವೆಫಾ ಓದಲಾಗದೆ ಚಿತ್ರ ಬರೆದ ಹಾಗೆ ನಕಲು ಮಾಡಿಟ್ಟಿದ್ದ ರುಜುಗಳನ್ನು ಅವರು ಒಂದೊಂದಾಗಿ ಓದಿದರು. ಎಂಬತ್ತಾರು ಸಾವುಗಳಲ್ಲಿ ಅರವತ್ತೊಂದಕ್ಕೆ ಸಾಕ್ಷಿಯಾಗಿ ಬಂದವನು ಒಬ್ಬನೇ. ಪಾದ್ರಿ ಬರೆದದ್ದು ‘ಇದೇ ಊರಿನ ಬೆರೆಕ್’ ಎಂದಷ್ಟೆ. ಅವನ ಸ್ವಂತ ಅಕ್ಷರದಲ್ಲಿ ಹೆಚ್ಚಿಗೆ ಒಂದು ಮಾತಿತ್ತು: ಹೆರ್ಶನ ಮಗ ಬೆರೆಕ್, ಪ್ರಾರ್ಥನಾಮಂದಿರದ ಸೇವಕ.

“ಏನ್ ಕೆಲಸ ಅದು?” ಗೆನೊವೆಫಾ ಕೇಳಿದರು.

“ಬಾಗಿಲು ತೆಗೆಯೋದು, ದೀಪ ಹಚ್ಚೋದು, ಕಸ ಹೊಡೆಯೋದು, ಜನಾನ ಪ್ರಾರ್ಥನೆಗೆ ಎಬ್ಬಿಸೋದು. ಬೈಸ್ಕೊಳ್ಳೋದೂ ಅವನೇ.”

“ಅಯ್ಯೋ, ಹಾಗಾದ್ರೆ ನಾನೇ ಅಲ್ವಾ!”

ಗುತ್ಮನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. “ಶನಿವಾರ ನಮಗೆ ವಿಶ್ರಾಂತಿ ದಿನ, ಅವತ್ತು ಬೆರೆಕ್ ಒಂದು ಸಲಾನೂ ಬಂದಿಲ್ಲ ನೋಡಿ, ಪಾನಿ ಗೆನೊವೆಫಾ. ಭಾನುವಾರ ಬಂದಿದ್ದಾನೆ. ನಿಮ್ಮ ಪೂಜೆ ಮುಗಿಯೋವರೆಗೂ ಹೊರಗೆ ಚಳೀಲಿ ನಿಂತಿರ್ತಾನೆ ಪಾಪ.”

“ಹೊರಗೆ ಯಾಕೆ ನಿಲ್ತಾನೆ? ಈ ಒಲೆ ಆವಾಗಿಂದಲೂ ಇದೆ. ಇಲ್ಲಿ ಕೂತಿರ್ತಾನೆ.”

ಹುಲ್ಲುಗಾವಲಿನ ಅಂಚಿಗೆ ಹೆಸರುಗಳಿರುವ ಕಲ್ಲೊಂದನ್ನು ನಿಲ್ಲಿಸುವುದೆಂದು ನಿಶ್ಚಯವಾಗಿದೆ. ಪಟ್ಟಿ ಕೊಡಬೇಕಾದವರು ಗೆನೊವೆಫಾ. ಬೆರೆಕ್‌ನ ರುಜು ಹದಿಮೂರನೆಯ ಪುಸ್ತಕದ ಶರತ್ಕಾಲಕ್ಕೆ ನಿಂತುಹೋಗಿದೆ. ಓದಬೇಕಾದ ಪುಸ್ತಕಗಳು ಇನ್ನು ಮೂರು. ಗುತ್ಮನ್ ಅವಸರವಿಲ್ಲ ಎಂದಿದ್ದಾರೆ. ಗೆನೊವೆಫಾ ಅವರಿಗೆ ಇದೆ. ಎಂಟು ಪುಟದ ಬದಲು ಈಗ ಹತ್ತು ಪುಟ ಓದುತ್ತಾರೆ, ಒಂದು ಸಾಲನ್ನೂ ಬಿಡದೆ.

“ಊರಿನ ಅರವತ್ತೊಂದು ಜನರ ಸಾವಿನ ಸುದ್ದಿ ಈ ಮೇಜಿಗೆ ತಂದೋನು ಅವನು” ಎನ್ನುತ್ತಾರೆ, ಪುಟದ ಮೂಲೆಯನ್ನು ಬೆರಳ ತುದಿಯಿಂದ ಎತ್ತುತ್ತ. “ಅವನ ಸುದ್ದಿ ಯಾರು ತಂದ್ರು ಅಂತ ನಂಗೆ ತಿಳೀಬೇಕು. ತಂದೇ ಇರ್ತಾರೆ, ಇಂಥೋನ್ನ ಯಾರೂ ಹಾಗೇ ಬಿಡಲ್ಲ. ಅದೊಂದು ಪುಟ ಸಿಕ್ಕಿ, ಕಲ್ಲಿನ ಮೇಲೆ ಅವನ ಹೆಸರೂ ಕೂತ್ರೆ ಸಾಕು ನಂಗೆ.”